ಮನೆಯ ವೈ-ಫೈಗೆ ಬೀಗ ಬಂದ ಬಗೆ

ಇಂಟರ್ನೆಟ್ ತಂತಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಅದಕ್ಕೆ ಪ್ರತ್ಯೇಕ ಬೀಗ ಬೇಕಿರಲಿಲ್ಲ. ತಂತಿ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದಲ್ಲಿಗೆ ಮುಗಿಯುತ್ತಿತ್ತು. ಅದನ್ನು ಬಳಸಬೇಕೆಂದವರು ಮನೆಯ ಹೊಸಿಲು ದಾಟಿ ಬರಬೇಕಿತ್ತು. ವೈ-ಫೈ ಬಂದ ಮೇಲೆ ಹೊಸಿಲಿಗೆ ಅರ್ಥ ಉಳಿಯಲಿಲ್ಲ. ರೂಟರ್‌ನಿಂದ ಹೊರಟ ರೇಡಿಯೊ ಅಲೆ ಇಟ್ಟಿಗೆ ಗೋಡೆ ದಾಟುತ್ತದೆ, ಮೇಲಿನ ಮಹಡಿಗೆ ಏರುತ್ತದೆ, ಬೀದಿಯಲ್ಲಿ ನಿಂತ ಕಾರಿನೊಳಗೂ ಸಿಗುತ್ತದೆ. ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಫೋನಿನ ವೈ-ಫೈ ಪಟ್ಟಿ ತೆರೆದರೆ ನೆರೆಮನೆಗಳ ರೂಟರ್‌ಗಳ ಹೆಸರು ಸಾಲಾಗಿ ಕಾಣುತ್ತದೆ. ಬಹುತೇಕ ಪ್ರತಿ ಹೆಸರಿನ ಪಕ್ಕದಲ್ಲೂ ಈಗ ಪುಟ್ಟ ಬೀಗದ ಚಿತ್ರವಿರುತ್ತದೆ. ಆ ಚಿತ್ರ ಅಲ್ಲಿಗೆ ಬಂದು ನೆಲೆಯೂರಲು ಹಲವು ವರ್ಷಗಳೂ ಕೆಲವು ಕೆಟ್ಟ ಅನುಭವಗಳೂ ಬೇಕಾದವು.

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಕೆಲವು ರೇಡಿಯೊ ತರಂಗಾಂತರಗಳನ್ನು ಪರವಾನಗಿಯಿಲ್ಲದೆ ಸಂವಹನಕ್ಕೆ ಬಳಸಲು ಬಿಟ್ಟುಕೊಟ್ಟಿತು. ಅವುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದರಲ್ಲೇ. ಇದೇ ನೆಲದ ಮೇಲೆ 1997ರಲ್ಲಿ 802.11 ಎಂಬ ಮಾನದಂಡ ರೂಪುಗೊಂಡಿತು. 1999ರಲ್ಲಿ ಅದರ ವೇಗದ ರೂಪ ಬಂತು, ವೈ-ಫೈ ಎಂಬ ಹೆಸರೂ ಹುಟ್ಟಿತು, ಆಪಲ್ ಕಂಪನಿ ತನ್ನ ಐಬುಕ್ ಲ್ಯಾಪ್‌ಟಾಪ್‌ನೊಂದಿಗೆ ಅದನ್ನು ಮನೆಬಳಕೆಯ ಸರಕಾಗಿ ಮಾರುಕಟ್ಟೆಗೆ ತಂದಿತು.

ಬೀಗದ ಯೋಚನೆ ಮೊದಲ ದಿನದಿಂದಲೂ ಇತ್ತು. 1997ರ ಮಾನದಂಡದಲ್ಲೇ ವೆಪ್ ಎಂಬ ಗೂಢಲಿಪಿಯ ವ್ಯವಸ್ಥೆ ಸೇರಿತ್ತು. ತಂತಿಯಲ್ಲಿ ಸಿಗುವಷ್ಟೇ ಗೋಪ್ಯತೆಯನ್ನು ಗಾಳಿಯಲ್ಲೂ ಕೊಡುವುದು ಅದರ ಉದ್ದೇಶ, ಹೆಸರಿನ ಅರ್ಥವೂ ಅದೇ. ಆದರೆ ಅದರ ಕೀಲಿ ಬರೀ 40 ಬಿಟ್ ಉದ್ದದ್ದು. ಬಲವಾದ ಗೂಢಲಿಪಿ ತಂತ್ರವನ್ನು ಹೊರದೇಶಗಳಿಗೆ ಮಾರಲು ಆಗ ಅಮೆರಿಕದಲ್ಲಿ ನಿರ್ಬಂಧವಿದ್ದುದೇ ಈ ಗಿಡ್ಡ ಕೀಲಿಗೆ ಕಾರಣ. ಅದಕ್ಕಿಂತ ದೊಡ್ಡ ದೋಷ ಒಳಗಿನ ರಚನೆಯಲ್ಲಿತ್ತು. ವೆಪ್ ಪ್ರತಿಯೊಂದು ದತ್ತಾಂಶದ ಕಟ್ಟಿಗೂ ಗುಟ್ಟಿನ ಕೀಲಿಯ ಜೊತೆ 24 ಬಿಟ್‌ಗಳ ಒಂದು ಸಂಖ್ಯೆಯನ್ನು ಬೆರೆಸುತ್ತಿತ್ತು. ಆ ಸಂಖ್ಯೆ ಎಲ್ಲರಿಗೂ ಕಾಣುವಂತೆ ಕಟ್ಟಿನ ಮೇಲೆಯೇ ಹೋಗುತ್ತಿತ್ತು. 24 ಬಿಟ್‌ನಲ್ಲಿ ಬರಬಹುದಾದ ಸಂಖ್ಯೆಗಳು 1,67,77,216 ಮಾತ್ರ. ಸೆಕೆಂಡಿಗೆ 11 ಮೆಗಾಬಿಟ್ ವೇಗದಲ್ಲಿ ಬಿಡುವಿಲ್ಲದೆ ಓಡುವ ಜಾಲದಲ್ಲಿ ಅಷ್ಟೂ ಸಂಖ್ಯೆಗಳು ಸುಮಾರು ಐದು ಗಂಟೆಗಳಲ್ಲಿ ಮುಗಿದು, ಹಳೆಯವೇ ಮತ್ತೆ ಬರತೊಡಗುತ್ತವೆ. ಒಂದೇ ಸಂಖ್ಯೆ ಎರಡು ಸಲ ಬಂದರೆ, ಆ ಎರಡು ಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಲೆಕ್ಕ ಹಾಕಿದಾಗ ಮುಸುಕು ಕಳಚಿಹೋಗಿ ಒಳಗಿನ ಮಾತಿನ ಸುಳಿವು ಸಿಗುತ್ತದೆ.

2001ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಈ ದೋಷಗಳನ್ನು ಪ್ರಕಟಿಸಿದರು. ಅದೇ ವರ್ಷ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಕಷ್ಟು ಕಟ್ಟುಗಳನ್ನು ಕೂಡಿಹಾಕಿದರೆ ಕೀಲಿಯನ್ನೇ ಹೊರತೆಗೆಯಬಹುದೆಂದು ತೋರಿಸಿದರು. ಕೆಲವೇ ತಿಂಗಳಲ್ಲಿ ಆ ಕೆಲಸ ಮಾಡುವ ಉಚಿತ ತಂತ್ರಾಂಶಗಳೂ ಬಂದವು. 2007ರ ಹೊತ್ತಿಗೆ 104 ಬಿಟ್‌ನ ದೊಡ್ಡ ವೆಪ್ ಕೀಲಿಯನ್ನೂ ಒಂದು ನಿಮಿಷದೊಳಗೆ ಮುರಿಯುವ ವಿಧಾನ ಸಿದ್ಧವಾಗಿತ್ತು.

ಇಷ್ಟೆಲ್ಲ ಮುರಿಯುವ ಶ್ರಮವೇ ಬೇಕಿಲ್ಲದ ಮನೆಗಳು ಬೇಕಾದಷ್ಟಿದ್ದವು. ಆ ದಿನಗಳ ರೂಟರ್‌ಗಳು ಅಂಗಡಿಯಿಂದ ಬೀಗ ತೆರೆದೇ ಬರುತ್ತಿದ್ದವು. ಪೆಟ್ಟಿಗೆ ಬಿಚ್ಚಿ ಪ್ಲಗ್ ಚುಚ್ಚಿದರೆ ಇಂಟರ್ನೆಟ್ ಸಿಕ್ಕಿಬಿಡುತ್ತಿತ್ತು. ಬೀಗ ಹಾಕಲು ಸೆಟ್ಟಿಂಗ್ ಪುಟದೊಳಗೆ ಹುಡುಕಬೇಕಿತ್ತು. ಲ್ಯಾಪ್‌ಟಾಪ್ ಮತ್ತು ಆಂಟೆನಾ ಹಿಡಿದು ಕಾರಿನಲ್ಲಿ ಊರು ಸುತ್ತುತ್ತ ತೆರೆದ ಜಾಲಗಳನ್ನು ಗುರುತು ಹಾಕಿಕೊಳ್ಳುವ ‘ವಾರ್‌ಡ್ರೈವಿಂಗ್’ ಎಂಬ ಹವ್ಯಾಸ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಶುರುವಾಗಿ ಹಬ್ಬಿತು. 2002ರಲ್ಲಿ ಲಂಡನ್ನಿನಲ್ಲಿ ಇಂಥ ಜಾಲ ಸಿಗುವ ಕಡೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಬರೆಯುವ ರೂಢಿಯೂ ಕೆಲಕಾಲ ಸುದ್ದಿಯಾಯಿತು.

ವೆಪ್‌ನ ಜಾಗಕ್ಕೆ 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಎಇಎಸ್ ಗೂಢಲಿಪಿಯ ಬಲವಿದ್ದ ಡಬ್ಲ್ಯುಪಿಎ2 ಬಂದವು. 2006ರ ಮಾರ್ಚ್‌ನಿಂದ ವೈ-ಫೈ ಪ್ರಮಾಣಪತ್ರ ಬೇಕೆಂಬ ಪ್ರತಿ ಉಪಕರಣದಲ್ಲೂ ಡಬ್ಲ್ಯುಪಿಎ2 ಇರಲೇಬೇಕಾಯಿತು. ಹಳೆಯ ಬೀಗವನ್ನೇ ನೆಚ್ಚಿಕೊಂಡವರು ದೊಡ್ಡ ಬೆಲೆ ತೆತ್ತರು. ಅಮೆರಿಕದ ಟಿಜೆಎಕ್ಸ್ ಎಂಬ ಚಿಲ್ಲರೆ ಮಾರಾಟ ಸಂಸ್ಥೆಯಿಂದ ಕನಿಷ್ಠ 4.57 ಕೋಟಿ ಕಾರ್ಡುಗಳ ವಿವರ ಕಳುವಾದದ್ದು 2007ರಲ್ಲಿ ಬಯಲಾಯಿತು. ವೆಪ್ ಬಿಟ್ಟು ಮುಂದಿನ ಬೀಗಕ್ಕೆ ಹೋಗಲು ಸಂಸ್ಥೆ ತಡಮಾಡಿತೆಂದು ಕೆನಡಾದ ಖಾಸಗಿತನ ಆಯುಕ್ತರ ತನಿಖೆ ಹೇಳಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಪರವಾನಗಿಯಿಂದ ಪೂರ್ತಿ ಮುಕ್ತವಾದದ್ದು 2005ರ ಜನವರಿಯಲ್ಲಿ. ಬ್ರಾಡ್‌ಬ್ಯಾಂಡ್ ಮನೆಮನೆಗೆ ಬರುತ್ತಿದ್ದ ಕಾಲವದು. ಬೀಗದ ಮಾತು ಮಾತ್ರ ಹೆಚ್ಚು ಜನರ ಕಿವಿಗೆ ಬಿದ್ದಿರಲಿಲ್ಲ. ಬಿದ್ದದ್ದು 2008ರಲ್ಲಿ, ಅತ್ಯಂತ ದಾರುಣ ರೀತಿಯಲ್ಲಿ. ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಮರುದಿನ ಸಂಜೆ ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಹಮದಾಬಾದಿನ ಮೊದಲ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಇಂಡಿಯನ್ ಮುಜಾಹಿದೀನ್ ಎಂಬ ಉಗ್ರ ಸಂಘಟನೆಯ ಹೆಸರಿನಲ್ಲಿ ಇಮೇಲ್ ಬಂದಿತ್ತು. ಅದರ ಐಪಿ ವಿಳಾಸ ಹಿಡಿದು ಹೊರಟ ತನಿಖೆಗಾರರು ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಿದ್ದವರು ಒಬ್ಬ ಅಮೆರಿಕನ್ ಪ್ರಜೆ. ಅವರ ಕಂಪ್ಯೂಟರುಗಳನ್ನು ವಶಪಡಿಸಿಕೊಂಡು ಪರೀಕ್ಷಿಸಲಾಯಿತು, ಅವರನ್ನು ಮತ್ತೆಮತ್ತೆ ವಿಚಾರಿಸಲಾಯಿತು. ಕೊನೆಗೆ ತಿಳಿದದ್ದಿಷ್ಟು: ಭದ್ರತೆಯಿಲ್ಲದ ಅವರ ವೈ-ಫೈಯನ್ನು ಬೇರೆಯವರು ಬಳಸಿ ಇಮೇಲ್ ಕಳಿಸಿದ್ದರು.

ಐಪಿ ವಿಳಾಸ ಮನೆಯ ಸಂಪರ್ಕಕ್ಕೆ ಸೇರಿದ್ದು. ಅದರ ಹಿಂದೆ ಕುಳಿತ ವ್ಯಕ್ತಿಗೆ ಸೇರಿದ್ದಲ್ಲ. ಸೇವಾದಾರ ಸಂಸ್ಥೆಯ ದಾಖಲೆಯಲ್ಲಿ ಇರುವುದು ಬಿಲ್ಲು ಕಟ್ಟುವವರ ಹೆಸರು. ಬೀದಿಯಲ್ಲಿ ನಿಂತು ಯಾರೋ ಮಾಡಿದ ಕೆಲಸದ ಜಾಡು ನೇರವಾಗಿ ಆ ಹೆಸರಿಗೆ ಬಂದು ನಿಲ್ಲುತ್ತದೆ, ತಾನಲ್ಲವೆಂದು ತೋರಿಸುವ ಹೊರೆ ಮನೆಯವರ ಹೆಗಲಿಗೆ ಬೀಳುತ್ತದೆ. ಬೇರೆಯವರ ವೈ-ಫೈಯಿಂದ ಇಮೇಲ್ ಕಳಿಸುವ ತಂತ್ರ ಅಲ್ಲಿಗೇ ನಿಲ್ಲಲಿಲ್ಲ. ಆಗಸ್ಟ್‌ನಲ್ಲಿ ಬಂದ ಇನ್ನೊಂದು ಇಮೇಲ್‌ನ ಜಾಡು ಮುಂಬೈನ ಮಾತುಂಗಾದ ಒಂದು ಕಾಲೇಜಿಗೂ, ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ ಇಮೇಲ್‌ನ ಜಾಡು ಚೆಂಬೂರಿನ ಒಂದು ಕಚೇರಿಗೂ ಹೋಯಿತು.

2009ರ ಜನವರಿಯಲ್ಲಿ ಮುಂಬೈ ಪೊಲೀಸರು ಲ್ಯಾಪ್‌ಟಾಪ್ ಹಿಡಿದು ಬೀದಿಗಿಳಿದರು; ಹವ್ಯಾಸಿಗಳ ವಾರ್‌ಡ್ರೈವಿಂಗ್ ಈಗ ಗಸ್ತಿನ ಕೆಲಸವಾಯಿತು. ಪಾಸ್‌ವರ್ಡ್ ಇಲ್ಲದ ವೈ-ಫೈ ಸಿಕ್ಕರೆ ಮಾಲೀಕರಿಗೆ ನೋಟಿಸ್ ಕೊಡುವುದಾಗಿ ಹೇಳಿದರು. ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈ-ಫೈಯ ಭದ್ರ ಬಳಕೆಯ ಬಗ್ಗೆ ಇಂಟರ್ನೆಟ್ ಸೇವಾದಾರರಿಗೆ ಸೂಚನೆ ಹೊರಡಿಸಿತು. ವಿಮಾನ ನಿಲ್ದಾಣದಲ್ಲೋ ಕಾಫಿ ಅಂಗಡಿಯಲ್ಲೋ ಫೋನ್ ಸಂಖ್ಯೆ ಕೊಟ್ಟು ಒಟಿಪಿ ಹೊಡೆದ ಮೇಲಷ್ಟೇ ವೈ-ಫೈ ತೆರೆಯುವ ಪದ್ಧತಿಯ ಬೇರು ಇಲ್ಲಿದೆ. ಎಚ್ಚರಿಕೆಯ ಮೊನೆ ಬಳಕೆದಾರರತ್ತಲೇ ಹೆಚ್ಚು ತಿರುಗಿತ್ತು. ಬೀಗ ತೆರೆದೇ ಪೆಟ್ಟಿಗೆ ಮಾರಿದ ತಯಾರಕರನ್ನು ಕೇಳಿದವರು ಕಡಿಮೆ. ಈ ಇತಿಹಾಸದಲ್ಲಿ ಅನ್ಯಾಯವೆನಿಸುವ ಭಾಗ ಇದು.

ತೆರೆದ ಜಾಲದ ಮೂಲಕ ಹರಿಯುವ ಮಾತು ಎಷ್ಟು ಬಯಲಾಗಿರುತ್ತದೆ ಎಂಬುದು 2010ರಲ್ಲಿ ಎರಡು ಸಲ ಸಾಬೀತಾಯಿತು. ರಸ್ತೆಗಳ ಚಿತ್ರ ತೆಗೆಯುತ್ತಿದ್ದ ತನ್ನ ಕಾರುಗಳು ಬೀಗವಿಲ್ಲದ ವೈ-ಫೈ ಜಾಲಗಳ ದತ್ತಾಂಶವನ್ನೂ ಕೂಡಿಹಾಕಿವೆಯೆಂದು ಮೇ ತಿಂಗಳಲ್ಲಿ ಗೂಗಲ್ ಒಪ್ಪಿಕೊಂಡಿತು. ಅದರೊಳಗೆ ಇಮೇಲ್‌ಗಳೂ ಪಾಸ್‌ವರ್ಡ್‌ಗಳೂ ಇದ್ದವು. ಅಕ್ಟೋಬರ್‌ನಲ್ಲಿ ಬಂದ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶದಿಂದ, ಅದೇ ತೆರೆದ ಜಾಲದಲ್ಲಿದ್ದ ಬೇರೆಯವರ ಫೇಸ್‌ಬುಕ್ ಖಾತೆಗೆ ಒಂದು ಕ್ಲಿಕ್ಕಿನಲ್ಲಿ ಹೊಗಬಹುದಿತ್ತು. ಈಗ ಹೆಚ್ಚಿನ ಜಾಲತಾಣಗಳು ತಮ್ಮದೇ ಗೂಢಲಿಪಿ ಬಳಸುವುದರಿಂದ ಈ ಬಗೆಯ ಕಳವು ಕಡಿಮೆಯಾಗಿದೆ. ಆದರೆ ಜಾಲದೊಳಗೆ ಸೇರಿದವರ ಕೈಗೆ ಮನೆಯ ಕ್ಯಾಮೆರಾ, ಪ್ರಿಂಟರ್, ರೂಟರ್‌ನ ಸೆಟ್ಟಿಂಗ್ ಪುಟ ಎಟಕುವುದು ತಪ್ಪಿಲ್ಲ.

ಆ ಸೆಟ್ಟಿಂಗ್ ಪುಟಕ್ಕೂ ಒಂದು ಪಾಸ್‌ವರ್ಡ್ ಇದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ವೈ-ಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ವರ್ಷಗಟ್ಟಲೆ ತಯಾರಕರು ಹೆಸರಿಗೂ ಪಾಸ್‌ವರ್ಡಿಗೂ ‘ಅಡ್ಮಿನ್’ ಎಂಬ ಒಂದೇ ಪದ ಇಟ್ಟು ಮಾರಿದರು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಕಾರ್ಖಾನೆ ಪಾಸ್‌ವರ್ಡ್‌ಗಳ ಪಟ್ಟಿಯೊಂದನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡಿತು. 2017ರ ಜುಲೈನಲ್ಲಿ ಅದೇ ಬಾಗಿಲಿನಿಂದ ಬಂದ ದಾಳಿಗೆ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಸಿಕ್ಕವು. ‘ಅಡ್ಮಿನ್’ ಪಾಸ್‌ವರ್ಡ್ ಬದಲಿಸದವರ ಸಂಪರ್ಕ ಕಡಿದುಹೋಯಿತು, ಅದನ್ನು ಕೂಡಲೇ ಬದಲಿಸಿರೆಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು.

ಡಬ್ಲ್ಯುಪಿಎ2ರ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಫೋನ್ ಜಾಲಕ್ಕೆ ಸೇರುವಾಗ ರೂಟರ್‌ನೊಂದಿಗೆ ನಡೆಸುವ ನಾಲ್ಕು ಸಂದೇಶಗಳ ಮಾತುಕತೆಯನ್ನು ಹೊರಗಿನವರು ಹಿಡಿದಿಟ್ಟುಕೊಂಡರೆ, ತಮ್ಮ ಮನೆಯಲ್ಲಿ ಕುಳಿತೇ ಕೋಟಿಗಟ್ಟಲೆ ಊಹೆಗಳನ್ನು ಒರೆಗೆ ಹಚ್ಚಿ ನೋಡಬಹುದು. ಆದ್ದರಿಂದ ಮೊಬೈಲ್ ಸಂಖ್ಯೆಯನ್ನೋ ಮಗುವಿನ ಹೆಸರನ್ನೋ ಪಾಸ್‌ವರ್ಡ್ ಮಾಡಿದರೆ ಬೇಗ ಸಿಕ್ಕಿಬೀಳುತ್ತದೆ, ಸಂಬಂಧವಿಲ್ಲದ ನಾಲ್ಕೈದು ಪದಗಳ ಉದ್ದ ಸಾಲು ತಡೆಯುತ್ತದೆ. ಗುಂಡಿ ಒತ್ತಿ ಸುಲಭವಾಗಿ ಜೋಡಿಸಲೆಂದು ತಂದ ಡಬ್ಲ್ಯುಪಿಎಸ್ ಸೌಲಭ್ಯದಲ್ಲಿ ಎಂಟು ಅಂಕಿಗಳ ಪಿನ್ ಕೂಡ ಇತ್ತು. ರೂಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತಿದ್ದುದರಿಂದ 11,000 ಪ್ರಯತ್ನಗಳೇ ಸಾಕೆಂದು 2011ರಲ್ಲಿ ಹೊರಬಿತ್ತು. ಡಬ್ಲ್ಯುಪಿಎಸ್ ಅನ್ನು ಆಫ್ ಮಾಡಿಡುವುದು ಒಳ್ಳೆಯದೆಂಬ ಸಲಹೆ ಅಂದಿನದು.

2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ ಆ ನಾಲ್ಕು ಸಂದೇಶಗಳ ಮಾತುಕತೆಯಲ್ಲೇ ‘ಕ್ರ್ಯಾಕ್’ ಎಂಬ ಬಿರುಕನ್ನು ತೋರಿಸಿದರು. ತಂತ್ರಾಂಶ ಪರಿಷ್ಕರಣೆಯಿಂದ ಅದು ಮುಚ್ಚುವಂಥದ್ದು, ಆದರೆ ತಯಾರಕರು ಕೈಬಿಟ್ಟ ಹಳೆಯ ಉಪಕರಣಗಳಿಗೆ ಆ ಪರಿಷ್ಕರಣೆ ಬರಲೇ ಇಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ3 ಹೊರಗೆ ಕುಳಿತು ಊಹಿಸುವ ದಾರಿಯನ್ನು ಮುಚ್ಚಲು ಹೊಸ ಬಗೆಯ ಮಾತುಕತೆಯನ್ನು ತಂದಿತು. 2020ರ ಜುಲೈನಿಂದ ಹೊಸ ಪ್ರಮಾಣಪತ್ರಕ್ಕೆ ಅದೇ ಕಡ್ಡಾಯ.

ಹೊಣೆ ತಯಾರಕರ ಬಾಗಿಲಿಗೆ ಬಂದದ್ದೂ ಆ ವರ್ಷವೇ. ಇಂಟರ್ನೆಟ್‌ಗೆ ಜೋಡಿಸುವ ಪ್ರತಿ ಉಪಕರಣಕ್ಕೆ ಕಾರ್ಖಾನೆಯಲ್ಲೇ ಬೇರೆಬೇರೆ ಪಾಸ್‌ವರ್ಡ್ ಇಡಬೇಕು, ಇಲ್ಲವೇ ಮೊದಲ ಬಳಕೆಗೆ ಮುನ್ನ ಹೊಸದನ್ನು ಇಡಿಸಬೇಕು ಎಂಬ ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿ 1ರಂದು ಜಾರಿಗೆ ಬಂತು. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ನಿಷೇಧಿಸಿತು. ಹೊಸ ರೂಟರ್‌ನ ತಳಕ್ಕೆ ಅಂಟಿಸಿರುವ ಚೀಟಿಯಲ್ಲಿ ಈಗ ‘ಅಡ್ಮಿನ್’ ಬದಲು, ಆ ಒಂದು ಪೆಟ್ಟಿಗೆಗಷ್ಟೇ ಸೇರಿದ ಅಕ್ಷರ, ಅಂಕಿಗಳ ಸಾಲೊಂದು ಅಚ್ಚಾಗಿ ಬರುವುದು ಹೆಚ್ಚುತ್ತಿದೆ.