ಮೀನಿನ ಬಲೆಯಂಥ ಜಾಲ

ಇವತ್ತು ನಾನು ಹೇಳೋದು ಮೂರು ರೇಖಾಚಿತ್ರಗಳ ಕಥೆ. ಅಣುಬಾಂಬ್ ಬಿದ್ದಮೇಲೂ ಅಮೆರಿಕದ ಸಂಪರ್ಕಜಾಲ ಉಳಿಯೋದು ಹೇಗೆ? ರ‍್ಯಾಂಡ್ ಸಂಸ್ಥೆಯ ಪಾಲ್ ಬರಾನ್ 1964ರಲ್ಲಿ ಉತ್ತರ ಪ್ರಕಟಿಸಿದರು.

ಮೊದಲ ಚಿತ್ರ ನಕ್ಷತ್ರ: ಎಲ್ಲ ತಂತಿಗಳೂ ನಡುವಿನ ಒಂದೇ ಕೇಂದ್ರಕ್ಕೆ. ಅದು ಹೋದರೆ ಎಲ್ಲಾ ಹೋಯ್ತು. ಎರಡನೆಯದು ಹಲವು ನಕ್ಷತ್ರಗಳ ಜೋಡಣೆ. ಕೆಲವೇ ಕೇಂದ್ರ ಕೆಟ್ಟರೂ ಜಾಲ ಚೂರುಚೂರು. ಮೂರನೆಯದು ಮೀನಿನ ಬಲೆ: ಪ್ರತಿ ಗಂಟಿನಿಂದಲೂ ಹಲವು ದಾರಿ. ಒಂದು ಎಳೆ ಕಡಿದರೆ ಸಂದೇಶ ಇನ್ನೊಂದು ದಾರಿ ಹಿಡಿಯುತ್ತೆ. ಕನಿಷ್ಠ ಬೇಕಾದ ಕೊಂಡಿಗಳ ಮೂರು-ನಾಲ್ಕು ಪಟ್ಟು ಇದ್ದರೆ ಸಾಕು ಅಂತ ಬರಾನ್ ಲೆಕ್ಕ ಹಾಕಿದ್ದರು.

ದೂರವಾಣಿ ಕಂಪನಿ ಎಟಿ ಅಂಡ್ ಟಿ ಇದಕ್ಕೆ ಒಪ್ಪಲಿಲ್ಲ. 1969ರಲ್ಲಿ ನಾಲ್ಕು ಕೇಂದ್ರಗಳ ಆರ್ಪಾನೆಟ್ ಶುರುವಾಯ್ತು. ಅದರ ಉದ್ದೇಶ ಯುದ್ಧವಲ್ಲ, ಕಂಪ್ಯೂಟರ್ ಹಂಚಿಕೊಳ್ಳೋದು. ಆದರೂ ಅದು ಬೆಳೆದದ್ದು ಬಲೆಯ ಹಾಗೇ.

ನಿಮ್ಮ ಮನೆಯ ವೈಫೈ ಮಾತ್ರ ಇನ್ನೂ ಮೊದಲ ಚಿತ್ರವೇ. ರೌಟರ್ ಆಫ್ ಆದ್ರೆ ಮನೆಮಂದಿಗೆಲ್ಲಾ ನೆಟ್ ಇಲ್ಲ!