ಕಾಡಂಚಿನ ಶುಶ್ರೂಷೆ: ಸೂಲಗಿತ್ತಿಯಿಂದ ಪದವೀಧರ ನರ್ಸ್‌ವರೆಗೆ

1956ರವರೆಗೆ ಕೊಳ್ಳೇಗಾಲ, ಹನೂರು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು, ಯಳಂದೂರು ಮೈಸೂರಿನಲ್ಲಿತ್ತು. ಎರಡೂ ಕಡೆ ಹಳ್ಳಿಯ ಹೆರಿಗೆಗೆ ಸೂಲಗಿತ್ತಿಯರೇ ಆಸರೆ. ಅದೇ ಕಾಲದಲ್ಲಿ, 1946ರಲ್ಲಿ, ದೆಹಲಿ, ವೆಲ್ಲೂರುಗಳಲ್ಲಿ ಬಿ.ಎಸ್ಸಿ. ನರ್ಸಿಂಗ್ ಪದವಿ ಆರಂಭವಾಯಿತು.

ಹನೂರು ಭಾಗದ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಆಸ್ಪತ್ರೆ ಬೆಳೆಯಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗ ಬುಡಕಟ್ಟಿನ ಯುವತಿಯರಿಗೆ ಸಹಾಯಕ ನರ್ಸ್ ತರಬೇತಿ ಕೊಡಿಸಿತು. ಪೋಡಿನ (ಸೋಲಿಗರ ಹಾಡಿಯ) ಮಾತು ಬಲ್ಲವರೇ ಆರೈಕೆಗೆ ನಿಂತದ್ದು ಬಹುದೊಡ್ಡ ಹೆಜ್ಜೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ನರ್ಸಿಂಗ್ ಪದವೀಧರರಿಗೆ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲೇ ಸಮುದಾಯ ಆರೋಗ್ಯ ಅಧಿಕಾರಿಯ ಹೊಣೆ ವಹಿಸಿತು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವುದು, ಬೆರಳ ತುದಿಯ ಹನಿ ರಕ್ತದಲ್ಲಿ ಸಕ್ಕರೆ ಅಳೆಯುವುದು, ಗರ್ಭಿಣಿಯ ಅಪಾಯವನ್ನು ಮೊದಲೇ ಗುರುತಿಸಿ ದೊಡ್ಡಾಸ್ಪತ್ರೆಗೆ ಕಳಿಸುವುದು ಅವರ ನಿತ್ಯದ ಕೆಲಸ. ಆದೇಶ ಪಾಲನೆಯ ಜೊತೆಗೆ ಸ್ವಂತ ವಿವೇಚನೆಯೂ ಈ ವೃತ್ತಿಯ ಅರ್ಹತೆಯಾಗಿದೆ.