ಜಯನಗರದಲ್ಲಿ ಬೇರೂರಿದ ಲೆಕ್ಕ

ಸುಧಾ ಮೂರ್ತಿ ಕೂಡಿಟ್ಟಿದ್ದ 10,000 ರೂಪಾಯಿಯಿಂದ 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್, 1983ರಲ್ಲಿ ಬೆಂಗಳೂರಿಗೆ ಬಂದು ಬೇರೂರಿದ್ದು ಅಲ್ಲಿನ ಜಯನಗರದಲ್ಲಿ.

1993ರಲ್ಲಿ ಷೇರುಪೇಟೆಗೆ ಇಳಿದಾಗ ಕೊಳ್ಳುವವರೇ ಸಾಲದಾದರು. ಕಂಪನಿ ಎದೆಗುಂದಲಿಲ್ಲ, ಕಾನೂನು ಕೇಳಿದ್ದಕ್ಕಿಂತ ಹೆಚ್ಚಿನ ಲೆಕ್ಕವನ್ನು ಹೂಡಿಕೆದಾರರ ಮುಂದೆ ಬಿಚ್ಚಿಟ್ಟಿತು. 1999ರಲ್ಲಿ ಅದು ನಾಸ್ಡ್ಯಾಕ್ ಪಟ್ಟಿ ಸೇರಿತು. ಭಾರತದಲ್ಲಿ ನೋಂದಣಿಯಾದ ಕಂಪನಿಗಳಲ್ಲಿ ಅದೇ ಮೊದಲು. ಆ ಬಾಗಿಲು ತೆರೆಸಿದ್ದು ಈ ಪಾರದರ್ಶಕತೆಯೇ ಎನ್ನಬೇಕು.

ಪರಿಸರದ ಲೆಕ್ಕವೂ ಹಾಗೇ. ಹೈದರಾಬಾದಿನಲ್ಲಿರುವ ಕಂಪನಿಯ ಒಂದು ಕಟ್ಟಡವನ್ನು ಎರಡು ಪಾಲು ಮಾಡಿ, ಒಂದರಲ್ಲಿ ಮಾಮೂಲಿ ಎ.ಸಿ., ಇನ್ನೊಂದರ ಕಾಂಕ್ರೀಟಿನೊಳಗೆ ತಣ್ಣೀರು ಹರಿಯುವ ಕೊಳವೆ ಇಟ್ಟು ಅಳೆದರು. ಕೊಳವೆಯ ಪಾಲಿನಲ್ಲಿ ತಂಪಿಗೆ ತಗುಲಿದ ಕರೆಂಟು ಸುಮಾರು ಮೂರನೇ ಒಂದರಷ್ಟು ಕಡಿಮೆ. 2020ರಲ್ಲಿ ಕಂಪನಿ ಇಂಗಾಲ ತಟಸ್ಥವಾಯಿತು.